ಗೇರಿನ ಗರ್ವ, ದೀಪದ ಮಾತು

ಹೊರನಾಡ ಕನ್ನಡಿಗರ ಕೂಟಗಳಲ್ಲಿ ಸಾಹಿತ್ಯದ ಚರ್ಚೆ ಮುಗಿದು ಮಾತು ಲೋಕಾಭಿರಾಮಕ್ಕೆ ತಿರುಗಿದಾಗ ಎರಡು ಹೇಳಿಕೆಗಳು ತಪ್ಪದೆ ಕಿವಿಗೆ ಬೀಳುತ್ತವೆ. ಒಂದು: ‘ಗೇರು ಹಾಕಿ ಓಡಿಸುವುದೇ ನಿಜವಾದ ಓಡಿಸುವಿಕೆ, ಆಟೋಮ್ಯಾಟಿಕ್ ಕಾರು ಮಕ್ಕಳ ಆಟಿಕೆ.’ ಇನ್ನೊಂದು: ‘ನಮ್ಮ ರಸ್ತೆಗಳಲ್ಲಿ ಓಡಿಸಿದವನು ಪ್ರಪಂಚದ ಯಾವ ಮೂಲೆಯಲ್ಲಾದರೂ ಓಡಿಸಬಲ್ಲ.’ ಈ ಎರಡನ್ನೂ ಹೇಳುವವರು ಬಹುಮಟ್ಟಿಗೆ ಒಬ್ಬರೇ ಆಗಿರುತ್ತಾರೆ. ಕೇಳುವವರು ನಕ್ಕು ತಲೆದೂಗುತ್ತಾರೆ. ನಾವು ಮಾತ್ರ ಇನ್ನು ತಲೆದೂಗಲಾರೆವು. ಮೊದಲನೆಯ ಮಾತು ಅರ್ಧಸತ್ಯ. ಎರಡನೆಯದು ಪೂರ್ಣ ಸುಳ್ಳು. ಈ ಸುಳ್ಳಿಗೆ ಬಲ ಬರುವುದು ಆ ಅರ್ಧಸತ್ಯದಿಂದಲೇ ಎಂಬುದು ನಮ್ಮ ವಾದ. ವಾಹನ ಓಡಿಸುವುದು ಕೈಕಾಲಿನ ಚಳಕವೆಂದು ನಂಬಿದವನಿಗೆ, ಚಳಕವೊಂದಿದ್ದರೆ ಎಲ್ಲ ದೇಶವೂ ಒಂದೇ ಎಂದು ತೋರುವುದು ಸಹಜ. ಆದರೆ ರಸ್ತೆಯನ್ನು ನಡೆಸುವುದು ಚಳಕವಲ್ಲ, ಒಪ್ಪಂದ.

ಗೇರಿನ ವಿದ್ಯೆಯನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಎಡಗಾಲು ಕ್ಲಚ್ಚನ್ನು ಬಿಡುವ ಗತಿಯೂ ಬಲಗಾಲು ಆಕ್ಸಿಲರೇಟರನ್ನು ಒತ್ತುವ ಗತಿಯೂ ಒಂದಕ್ಕೊಂದು ಹೊಂದಿದಾಗ ಮಾತ್ರ ಗಾಡಿ ಕುಪ್ಪಳಿಸದೆ ಹೊರಡುತ್ತದೆ. ಏರಿನಲ್ಲಿ ನಿಂತ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲಿ ಹಿಡಿದು, ಹಿಂದಿನವನಿಗೆ ತಗುಲದಂತೆ ಮುಂದಕ್ಕೆ ತೆಗೆಯುವುದು ಕಲಿತು ಬರಬೇಕಾದ ಕೆಲಸವೇ. ಶಿರಾಡಿ, ಚಾರ್ಮಾಡಿ ಘಟ್ಟಗಳನ್ನೋ ಪುಣೆಯ ಹಾದಿಯ ಬೋರ್ ಘಾಟನ್ನೋ ಇಳಿಯುವಾಗ, ಕೆಳಗಿನ ಗೇರಿಗೆ ತಂದು ಎಂಜಿನ್ನಿನ ತಡೆಯಿಂದಲೇ ಗಾಡಿಯ ವೇಗವನ್ನು ಹಿಡಿದಿಟ್ಟು, ಬ್ರೇಕು ಕಾಯದಂತೆ ಕಾಪಾಡುವ ಜಾಣ್ಮೆ ಎಷ್ಟೋ ಜೀವಗಳನ್ನು ಉಳಿಸಿದೆ. ಮುಂಬಯಿಯ ಹಳೆಯ ಪದ್ಮಿನಿ ಟ್ಯಾಕ್ಸಿಗಳಲ್ಲಿ ಗೇರಿನ ಕಡ್ಡಿ ಸ್ಟಿಯರಿಂಗಿನ ಪಕ್ಕದಲ್ಲಿರುತ್ತಿತ್ತು. ಆ ಕಡ್ಡಿಯನ್ನು ದಿನಕ್ಕೆ ನೂರಾರು ಸಲ ಎಳೆದು ನೂಕಿ ಸಂಸಾರ ಸಾಕಿದ ಚಾಲಕರ ಶ್ರಮಕ್ಕೆ ನಮ್ಮ ಗೌರವವಿದೆ. 2023ರ ಅಕ್ಟೋಬರಿನಲ್ಲಿ ಆ ಕಪ್ಪು-ಹಳದಿ ಪದ್ಮಿನಿಗಳು ಮುಂಬಯಿಯ ರಸ್ತೆಯಿಂದ ನಿವೃತ್ತವಾದಾಗ ಅನೇಕರಿಗೆ ಸಂಕಟವಾದದ್ದು ಸುಳ್ಳಲ್ಲ.

ಆದರೂ ಈ ವಿದ್ಯೆ ಯಾರ ನಡುವಿನದು? ಮನುಷ್ಯನಿಗೂ ಯಂತ್ರಕ್ಕೂ ನಡುವಿನದು. ಕ್ಲಚ್ಚು ತಪ್ಪಿದರೆ ಎಂಜಿನ್ ನಿಂತುಹೋಗುತ್ತದೆ, ಗೇರುಪೆಟ್ಟಿಗೆ ಕಿರುಗುಟ್ಟುತ್ತದೆ, ಹಿಂದಿನವರು ಹಾರ್ನ್ ಬಾರಿಸುತ್ತಾರೆ. ರಸ್ತೆ ಎಂಬುದು ಮನುಷ್ಯನಿಗೂ ಮನುಷ್ಯನಿಗೂ ನಡುವಿನ ವ್ಯವಹಾರ. ಎದುರಿನಿಂದ ಬರುವ ಅಪರಿಚಿತ ಮುಂದಿನ ಎರಡು ಕ್ಷಣಗಳಲ್ಲಿ ಏನು ಮಾಡುವನೆಂಬುದನ್ನು ನಾವು ಊಹಿಸಬೇಕು. ನಾವು ಏನು ಮಾಡುವೆವೆಂಬುದನ್ನು ಅವನೂ ಊಹಿಸಬೇಕು. ಈ ಊಹೆ ಸರಿಯಾಗಬೇಕಾದರೆ ಇಬ್ಬರಿಗೂ ತಿಳಿದ ಒಂದೇ ಅರ್ಥದ ಸಂಜ್ಞೆಗಳಿರಬೇಕು. ಗೇರು ಬಲ್ಲವನಿಗೆ ಈ ಸಂಜ್ಞೆಗಳು ತಾವಾಗಿಯೇ ತಿಳಿದಿರುತ್ತವೆ ಎನ್ನಲು ಯಾವ ಆಧಾರವೂ ಇಲ್ಲ.

ಬೇರೆ ಬೇರೆ ದೇಶಗಳು ಗೇರನ್ನು ಹೇಗೆ ಕಂಡಿವೆ ಎಂಬುದನ್ನು ಇಲ್ಲಿ ನೋಡಬಹುದು. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟು ತೇರ್ಗಡೆಯಾದವನಿಗೆ ಆಟೋಮ್ಯಾಟಿಕ್ ಓಡಿಸಲು ಮಾತ್ರ ಲೈಸೆನ್ಸ್. ಗೇರಿನ ಕಾರು ಬೇಕೆಂದರೆ ಮತ್ತೆ ಪರೀಕ್ಷೆ. ಜಪಾನಿನಲ್ಲಿ 1991ರಿಂದ ಆಟೋಮ್ಯಾಟಿಕ್ ಕಾರಿಗೆಂದೇ ಸೀಮಿತವಾದ ಲೈಸೆನ್ಸ್ ಇದೆ. ಜರ್ಮನಿಯಲ್ಲಿಯೂ ಈ ಬೇಲಿ ಇತ್ತು. 2021ರಲ್ಲಿ ಅದನ್ನು ಸಡಿಲಿಸಿ, ಗೇರಿನ ಕಾರಿನಲ್ಲಿ ನಿಗದಿತ ಪಾಠಗಳನ್ನು ಮುಗಿಸಿದವರು ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟು ಎರಡನ್ನೂ ಓಡಿಸಬಹುದೆಂದು ಮಾಡಿದರು. ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ 1940ರ ಮಾದರಿಯ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಗೇರುಪೆಟ್ಟಿಗೆಯನ್ನು ತಂದಿತು. ಅಲ್ಲಿಂದ ಮುಂದೆ ಆ ದೇಶ ಕ್ಲಚ್ಚನ್ನೇ ಮರೆಯುತ್ತ ಬಂತು. ಇಂದು ಅಲ್ಲಿ ಗೇರಿನ ಕಾರು ಹವ್ಯಾಸಿಗಳ ವಸ್ತು.

ಇನ್ನು ನಮ್ಮ ದೇಶ. 1988ರ ಮೋಟಾರು ವಾಹನ ಕಾಯ್ದೆ ದ್ವಿಚಕ್ರ ವಾಹನಗಳಲ್ಲಿ ಗೇರಿನದು, ಗೇರಿಲ್ಲದ್ದು ಎಂದು ಎರಡು ಬಗೆಯ ಲೈಸೆನ್ಸ್ ಮಾಡಿದೆ. ಕಾರಿಗೆ ಬಂದರೆ ‘ಲಘು ಮೋಟಾರು ವಾಹನ’ ಎಂಬ ಒಂದೇ ಹೆಸರು. ಗೇರಿನ ಭೇದ ಅಲ್ಲಿಲ್ಲ. ಅಂದರೆ, ಯಾವ ವಿದ್ಯೆಯನ್ನು ನಮ್ಮ ಗೆಳೆಯರು ಚಾಲಕತ್ವದ ಜನಿವಾರವೆಂಬಂತೆ ಮೆರೆಸುತ್ತಾರೋ ಅದನ್ನು ಕಾರಿನ ಮಟ್ಟಿಗೆ ನಮ್ಮ ಕಾಯ್ದೆ ಕೇಳುವುದೇ ಇಲ್ಲ. ಇತ್ತ 2014ರಲ್ಲಿ ಮಾರುತಿಯ ಸೆಲೆರಿಯೋ ಅಗ್ಗದ ಆಟೋಮ್ಯಾಟಿಕ್ ಆಗಿ ಬಂದ ಮೇಲೆ ಬೆಂಗಳೂರು, ಪುಣೆ, ಹೈದರಾಬಾದುಗಳ ದಟ್ಟಣೆಯಲ್ಲಿ ಎಡಗಾಲು ಸೋತವರು ಸಾಲುಸಾಲಾಗಿ ಅತ್ತ ಹೊರಳಿದ್ದಾರೆ. ವಿದ್ಯುತ್ ಕಾರಿನಲ್ಲಂತೂ ಗೇರು ಬದಲಿಸುವ ಕೆಲಸವೇ ಇಲ್ಲ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಪೂರ್ಣ ವಿದ್ಯುತ್ತಿನವು. ಗೇರಿನ ಗರ್ವಕ್ಕೆ ಇನ್ನು ಆಯಸ್ಸು ಹೆಚ್ಚಿಲ್ಲ. ಆಟೋಮ್ಯಾಟಿಕ್ ಎಂದರೆ ‘ಹೆಂಗಸರ ಕಾರು’ ಎಂದು ಹೀಗಳೆಯುವ ಗಂಡಸರ ನಗೆ ಅದಕ್ಕಿಂತ ಮೊದಲೇ ಅಡಗಿದರೆ ಒಳ್ಳೆಯದು. ಎಡಮಂಡಿ ನೋಯುವ ಹಿರಿಯರಿಗೂ ಎಡಗಾಲಿಗೆ ಬಲವಿಲ್ಲದವರಿಗೂ ಕಾರಿನ ಬಾಗಿಲು ತೆರೆದದ್ದು ಆ ಆಟೋಮ್ಯಾಟಿಕ್ಕೇ.

ಗೇರಿನ ಮಾತು ಇಷ್ಟು ಸಾಕು. ಆದರೆ ಗೇರಿನ ಗರ್ವದವರನ್ನು ಹಳಿದ ಮಾತ್ರಕ್ಕೆ ಅವರ ಎದುರಾಳಿಗಳು ಸರಿಯೆಂದಾಗುವುದಿಲ್ಲ. ನಮ್ಮ ಕೂಟಗಳಲ್ಲಿ ಇನ್ನೊಂದು ಪಕ್ಷವೂ ಇದೆ: ವಿದೇಶದಲ್ಲಿ ಕೆಲವು ವರ್ಷವಿದ್ದು ಮರಳಿದವರು ಮತ್ತು ಅವರ ಮಾತನ್ನು ವೇದವಾಕ್ಯವೆಂದು ಸ್ವೀಕರಿಸಿದವರು. ಇವರಿಗೆ ನಮ್ಮ ರಸ್ತೆ ಮಾತ್ರವಲ್ಲ, ರಸ್ತೆಯ ಶಬ್ದಗಳೂ ನಗೆಪಾಟಲು. ಡಿಕ್ಕಿ ಎಂದರೆ ನಗು, ಸ್ಟೆಪ್ನಿ ಎಂದರೆ ನಗು, ‘ಸೆಲ್ಫ್ ಹೊಡಿ’ ಎಂದರೆ ಇನ್ನೂ ನಗು. ಅಮೆರಿಕದಿಂದ ಬಂದವರು ಟ್ರಂಕ್ ಎನ್ನಬೇಕೆನ್ನುತ್ತಾರೆ, ಲಂಡನ್ನಿನಿಂದ ಬಂದವರು ಬೂಟ್ ಎನ್ನಬೇಕೆನ್ನುತ್ತಾರೆ. ಹೊರಗಿನ ‘ಸರಿ’ಯಾದರೂ ಯಾವುದೆಂದು ಇವರಿಬ್ಬರೇ ಮೊದಲು ತೀರ್ಮಾನಿಸಿಕೊಳ್ಳಲಿ.

ನಗುವವರಿಗೆ ಒಂದಿಷ್ಟು ಪದಚರಿತ್ರೆ ತಿಳಿದಿದ್ದರೆ ನಗು ನಿಲ್ಲುತ್ತಿತ್ತು. ಹಳೆಯ ಕಾರುಗಳ ಹಿಂಭಾಗದಲ್ಲಿ ಮಡಚಿ ತೆರೆಯುವ ಒಂದು ಆಸನವಿರುತ್ತಿತ್ತು. ಇಂಗ್ಲೆಂಡಿನವರು ಅದನ್ನು ಡಿಕಿ ಸೀಟ್ ಎನ್ನುತ್ತಿದ್ದರು, ಅಮೆರಿಕದವರು ರಂಬಲ್ ಸೀಟ್ ಎನ್ನುತ್ತಿದ್ದರು. ಆಸನ ಹೋಯಿತು, ಇಂಗ್ಲಿಷರು ಶಬ್ದವನ್ನೂ ಬಿಟ್ಟರು, ನಾವು ಉಳಿಸಿಕೊಂಡೆವು. ಸ್ಟೆಪ್ನಿಯದು ಇನ್ನೂ ಸೊಗಸಾದ ಕಥೆ. ಆರಂಭದ ಕಾರುಗಳಲ್ಲಿ ಹೆಚ್ಚುವರಿ ಗಾಲಿ ಇರುತ್ತಿರಲಿಲ್ಲ. ಪಂಕ್ಚರ್ ಆದ ಗಾಲಿಗೆ ಬಿಗಿದುಕೊಳ್ಳುವ, ಗಾಳಿ ತುಂಬಿದ ಟಯರಿನ ಬಳೆಯೊಂದನ್ನು 1904ರ ಸುಮಾರಿಗೆ ವೇಲ್ಸ್‌ನ ಲಾನೆಲ್ಲಿ ಎಂಬ ಊರಿನಲ್ಲಿ ತಯಾರಿಸತೊಡಗಿದರು. ಆ ಊರಿನ ಸ್ಟೆಪ್ನಿ ಬೀದಿಯ ಹೆಸರೇ ವಸ್ತುವಿನ ಹೆಸರಾಯಿತು. ಇಂದು ಬ್ರಿಟನ್ನಿನ ಸಾಮಾನ್ಯ ಚಾಲಕನಿಗೆ ಆ ಶಬ್ದ ತಿಳಿಯದು. ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿಯ ಹುಡುಗನಿಗೆ ತಿಳಿದಿದೆ. ಶಬ್ದವನ್ನು ಕೆಡಿಸಿದವರೆಂದು ಬೈಸಿಕೊಳ್ಳುವವರೇ ಇಲ್ಲಿ ಶಬ್ದವನ್ನು ಕಾಪಿಟ್ಟವರು. ಜೊತೆಗೆ ಕನ್ನಡದ ಕಿವಿಗೆ ಡಿಕ್ಕಿ ಎಂದರೆ ಕಾರಿನ ಹಿಂಭಾಗವೂ ಹೌದು, ಹಿಂಭಾಗಕ್ಕೆ ಬೀಳುವ ಹೊಡೆತವೂ ಹೌದು. ಡಿಕ್ಕಿಗೆ ಡಿಕ್ಕಿ ಹೊಡೆಯುವ ಸೌಭಾಗ್ಯ ಬೇರೆ ಯಾವ ಭಾಷೆಗಿದೆ?

ಇಂಗ್ಲಿಷಿನ ಒಳಗೇ ಈ ಭೇದಗಳು ಎಷ್ಟಿಲ್ಲ! ಎಂಜಿನ್ನಿನ ಮೇಲಿನ ಮುಚ್ಚಳ ಬ್ರಿಟನ್ನಿನಲ್ಲಿ ಬಾನೆಟ್, ಅಮೆರಿಕದಲ್ಲಿ ಹುಡ್. ಬ್ರಿಟನ್ನಿನಲ್ಲಿ ಹುಡ್ ಎಂದರೆ ಮಡಚುವ ಚಾವಣಿ. ದಕ್ಷಿಣ ಆಫ್ರಿಕಾದಲ್ಲಿ ದಾರಿ ಕೇಳಿದರೆ ‘ರೋಬೋಟ್ ಬಳಿ ಎಡಕ್ಕೆ ತಿರುಗಿ’ ಎನ್ನುತ್ತಾರೆ. ಅಲ್ಲಿ ರೋಬೋಟ್ ಎಂದರೆ ಸಿಗ್ನಲ್ ದೀಪ. ಅಮೆರಿಕದ ಬಂಧು ಕಾರಿಗೆ ಗ್ಯಾಸ್ ಹಾಕಿಸಬೇಕು ಎಂದರೆ ಪೆಟ್ರೋಲ್ ಎಂದರ್ಥ. ದೆಹಲಿಯಲ್ಲಿ, ಮುಂಬಯಿಯಲ್ಲಿ ಅದೇ ಮಾತನ್ನು ಆಡಿದರೆ ಆಟೋಗಳ ಸಿಎನ್‌ಜಿ ಸಾಲಿಗೆ ಕರೆದೊಯ್ದಾರು. ಬ್ರಿಟನ್ನಿನ ಪೇವ್‌ಮೆಂಟ್ ಕಾಲುದಾರಿ; ಅಮೆರಿಕದಲ್ಲಿ ಅದೇ ಪೇವ್‌ಮೆಂಟ್ ವಾಹನ ಓಡುವ ರಸ್ತೆಯ ಮೈ. ಇವುಗಳಿಂದ ಹಾಸ್ಯ ಹುಟ್ಟುತ್ತದೆ, ಒಮ್ಮೊಮ್ಮೆ ತೊಡಕು ಹುಟ್ಟುತ್ತದೆ. ಆದರೆ ಮಾತಿಗೆ ಒಂದು ದೊಡ್ಡ ಸೌಕರ್ಯವಿದೆ. ಅರ್ಥವಾಗದಿದ್ದರೆ ‘ಏನೆಂದಿರಿ?’ ಎಂದು ಮತ್ತೆ ಕೇಳಬಹುದು.

ಹೊರನಾಡಿನಲ್ಲಿ ಬಾಳುವ ನಮಗೆ ಇದು ದಿನದಿನದ ಅನುಭವ. ಕರ್ನಾಟಕದ ರಸ್ತೆ ಬದಿಯಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕವನ್ನು ಓದಿ ಬೆಳೆದವರು ನಾವು. ಅವಸರವೆಂದರೆ ನಮಗೂ ತಮಿಳರಿಗೂ ಆತುರ. ಹೈದರಾಬಾದಿನಲ್ಲಿ ತೆಲುಗರಿಗೆ ಅದೇ ಶಬ್ದ ಅಗತ್ಯ. ದೆಹಲಿಯಲ್ಲಿ ಹಿಂದಿಯವರಿಗೆ ಅದೇ ಶಬ್ದ ಸದವಕಾಶ. ಆ ಫಲಕವನ್ನು ಅವರವರ ಕಿವಿಯಿಂದ ಓದಿಕೊಂಡರೆ ಒಬ್ಬರಿಗೆ ಅಪಘಾತಕ್ಕೆ ಅಗತ್ಯ ಕಾರಣ, ಇನ್ನೊಬ್ಬರಿಗೆ ಸದವಕಾಶ ಕಾರಣ! ನಗಬಹುದು, ನಕ್ಕು ಸರಿಪಡಿಸಿಕೊಳ್ಳಬಹುದು. ಒಂದೇ ಶಬ್ದ ಮೂರು ಊರಿನಲ್ಲಿ ಮೂರು ಅರ್ಥ ಕೊಡುತ್ತದೆಂಬ ಪಾಠವನ್ನು ಒಳನಾಡಿನ ಸೋದರರಿಗಿಂತ ಚೆನ್ನಾಗಿ ಬಲ್ಲ ನಾವು, ಸ್ಟಿಯರಿಂಗ್ ಹಿಡಿದೊಡನೆ ಅದನ್ನು ಮರೆಯುವುದೇಕೆ? ರಸ್ತೆಯಲ್ಲಿ ಮತ್ತೆ ಕೇಳಲು ಸಮಯವಿರುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 22 ಮೀಟರ್ ದಾಟುತ್ತದೆ. ‘ಏನೆಂದಿರಿ?’ ಎಂದು ಕೇಳುವಷ್ಟರಲ್ಲಿ ಉತ್ತರ ಮೈಮೇಲೆ ಬಂದಿರುತ್ತದೆ.

ಈಗ ದೀಪದ ವಿಷಯಕ್ಕೆ ಬರೋಣ. ಹೆಡ್‌ಲೈಟನ್ನು ಒಮ್ಮೆ ಮಿಣುಕಿಸುವುದು ಜಗತ್ತಿನ ಎಲ್ಲ ರಸ್ತೆಗಳಲ್ಲೂ ಇರುವ ಸಂಜ್ಞೆ. ಅದರ ಅರ್ಥವೇನು? ಬ್ರಿಟನ್ನಿನ ಹೈವೇ ಕೋಡ್ ಹೇಳುವುದು ಒಂದನ್ನೇ: ‘ನಾನಿಲ್ಲಿದ್ದೇನೆ’ ಎಂದು ತಿಳಿಸಲು ಮಾತ್ರ ದೀಪ ಮಿಣುಕಿಸಬೇಕು, ಬೇರೆ ಯಾವ ಸಂದೇಶಕ್ಕೂ ಅದನ್ನು ಬಳಸಬಾರದು, ಎದುರಿನವನು ಮಿಣುಕಿಸಿದನೆಂದು ಅದನ್ನು ಮುಂದೆ ಸಾಗಲು ಕೊಟ್ಟ ಆಹ್ವಾನವೆಂದು ತಿಳಿಯಬಾರದು. ಆದರೆ ಅಲ್ಲಿನ ರೂಢಿ ಪುಸ್ತಕವನ್ನು ಮೀರಿದೆ. ಇಕ್ಕಟ್ಟಿನ ದಾರಿಯಲ್ಲಿ, ತಿರುವಿನಲ್ಲಿ, ದೀಪ ಮಿಣುಕಿಸಿದರೆ ‘ಮೊದಲು ನೀವು ಬನ್ನಿ’ ಎಂದೇ ಜನ ತಿಳಿಯುತ್ತಾರೆ. ಜರ್ಮನಿಯಲ್ಲಿ ಈ ಸಂಜ್ಞೆಗೆ ಬೆಳಕಿನ ಹಾರ್ನ್ ಎಂಬ ಅರ್ಥದ ಹೆಸರೇ ಇದೆ. ಊರ ಹೊರಗೆ ಮುಂದಿನವನನ್ನು ಹಿಂದಿಕ್ಕುವೆನೆಂದು ತಿಳಿಸಲು ಅದನ್ನು ಬಳಸಲು ಅಲ್ಲಿನ ನಿಯಮವೇ ಅನುಮತಿ ಕೊಡುತ್ತದೆ. ನಮ್ಮಲ್ಲಿ? ನಮ್ಮ ಹೆದ್ದಾರಿಯಲ್ಲಿ ಎದುರಿನ ಬಸ್ಸು ದೀಪ ಹೊಡೆದರೆ ಅದರ ಅರ್ಥ: ‘ನಾನು ಬರುತ್ತಿದ್ದೇನೆ, ನೀನು ಬರಬೇಡ.’

ಇವೆರಡನ್ನು ಒಂದೆಡೆ ಇಟ್ಟು ನೋಡಿ. ಒಂದೇ ಬೆಳಕು, ಒಂದು ದೇಶದಲ್ಲಿ ‘ಬನ್ನಿ’, ಇನ್ನೊಂದರಲ್ಲಿ ‘ಬರಬೇಡ’. ನಮ್ಮ ಗೇರು ಪಂಡಿತರು ಲಂಡನ್ನಿನ ಹೊರವಲಯದ ತಿರುವೊಂದರಲ್ಲಿ ತಮ್ಮ ಊರಿನ ಅಭ್ಯಾಸದಂತೆ ದೀಪ ಹೊಡೆದು ನುಗ್ಗಿದರೆ, ಎದುರಿನ ಸಜ್ಜನ ಕೃತಜ್ಞತೆಯಿಂದ ಕೈಯೆತ್ತಿ ನೇರವಾಗಿ ಅವರ ಕಾರಿನ ಮುಂದಕ್ಕೇ ತಿರುಗುತ್ತಾನೆ. ಅಲ್ಲಿಂದ ಬಂದ ಅತಿಥಿ ನಾಗಪುರದ ಹೆದ್ದಾರಿಯಲ್ಲಿ ಲಾರಿಯ ದೀಪವನ್ನು ಔದಾರ್ಯವೆಂದು ಓದಿಕೊಂಡರೆ ಆಗುವುದೂ ಅದೇ. ಇಬ್ಬರ ಗೇರುವಿದ್ಯೆಯಲ್ಲಿ ಯಾವ ಲೋಪವೂ ಇಲ್ಲ. ‘ಇಲ್ಲಿ ಓಡಿಸಿದವನು ಎಲ್ಲಾದರೂ ಓಡಿಸಬಲ್ಲ’ ಎಂಬ ಮಾತು ಈ ಒಂದು ಮಿಣುಕಿಗೇ ಮುರಿದು ಬೀಳುತ್ತದೆ. ಕನ್ನಡ ಚೆನ್ನಾಗಿ ಬಲ್ಲವನು ಜರ್ಮನ್ ಭಾಷೆಯನ್ನೂ ಮಾತಾಡಬಲ್ಲ ಎಂದು ಯಾರಾದರೂ ಹೇಳಿದರೆ ನಾವು ನಗುವುದಿಲ್ಲವೇ?

ದೇಶದೇಶಗಳ ಭೇದವಿರಲಿ, ನಮ್ಮ ಒಳಗಿನ ಭೇದವೇ ಹೆಚ್ಚು ಭಯಾನಕ. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಬಲ ಇಂಡಿಕೇಟರ್ ಮಿನುಗುತ್ತದೆ. ಅದು ‘ನಾನು ಬಲಕ್ಕೆ ತಿರುಗುತ್ತೇನೆ’ ಎಂದೇ? ‘ಬಲದಿಂದ ನೀನು ದಾಟಿ ಹೋಗು’ ಎಂದೇ? ಅಥವಾ ‘ಎದುರಿಗೆ ಗಾಡಿ ಬರುತ್ತಿದೆ, ದಾಟಬೇಡ’ ಎಂದೇ? ಈ ಮೂರೂ ಅರ್ಥಗಳು ನಮ್ಮ ರಸ್ತೆಗಳಲ್ಲಿ ಚಾಲ್ತಿಯಲ್ಲಿವೆ. ಸಂದರ್ಭ ನೋಡಿ ತಿಳಿಯಬೇಕು ಎನ್ನುತ್ತಾರೆ ಅನುಭವಿಗಳು. ಕವಿತೆಯಲ್ಲಿ ಶ್ಲೇಷೆ ಅಲಂಕಾರ. ಲಾರಿಯ ಹಿಂಬದಿಯ ದೀಪದಲ್ಲಿ ಅದು ಕೊಲೆ. ಹಾಗೆಯೇ ನಾಲ್ಕೂ ಇಂಡಿಕೇಟರುಗಳು ಒಟ್ಟಿಗೆ ಮಿನುಗುವ ಅಪಾಯದ ದೀಪ. ಕೆಟ್ಟು ನಿಂತ ಗಾಡಿಯ ಗುರುತಾಗಬೇಕಾದ ಅದನ್ನು ನಮ್ಮಲ್ಲಿ ಮಳೆ ಬಂದರೆ ಹಾಕುತ್ತಾರೆ, ಸುರಂಗ ಬಂದರೆ ಹಾಕುತ್ತಾರೆ, ಕೂಡುರಸ್ತೆಯಲ್ಲಿ ‘ನಾನು ನೇರ ಹೋಗುತ್ತೇನೆ’ ಎನ್ನಲೂ ಹಾಕುತ್ತಾರೆ. ಪಕ್ಕದಿಂದ ಬರುವವನಿಗೆ ಒಂದೇ ಪಕ್ಕದ ದೀಪ ಕಾಣುವುದರಿಂದ ಅವನು ಅದನ್ನು ತಿರುವಿನ ಸೂಚನೆಯೆಂದೇ ಓದುತ್ತಾನೆ. ಜಪಾನಿನಲ್ಲಿಯೂ ಈ ದೀಪಕ್ಕೆ ಪುಸ್ತಕದಲ್ಲಿಲ್ಲದ ಒಂದು ಬಳಕೆಯಿದೆ. ದಾರಿ ಬಿಟ್ಟುಕೊಟ್ಟವರಿಗೆ ಎರಡು ಸಲ ಮಿನುಗಿಸಿ ‘ಧನ್ಯವಾದ’ ಹೇಳುತ್ತಾರೆ. ಅದು ಸೌಜನ್ಯ ಮುಗಿದ ಮೇಲಿನ ನಮಸ್ಕಾರ. ತಪ್ಪಾಗಿ ಓದಿದರೂ ಪ್ರಾಣಕ್ಕೆ ಕುತ್ತಾಗುವ ಸಂಭವ ಕಡಿಮೆ. ನಮ್ಮದು ಹಾಗಲ್ಲ.

ಒಂದು ಕಾಲದಲ್ಲಿ ನಮ್ಮಲ್ಲೂ ಇದಕ್ಕೆ ನಿಶ್ಚಿತ ಅರ್ಥದ ಸಂಜ್ಞೆ ಇತ್ತೆಂಬುದನ್ನು ಹಿರಿಯರು ಬಲ್ಲರು. 1989ರ ರಸ್ತೆ ನಿಯಮಾವಳಿಯಲ್ಲಿ ಕೈಸನ್ನೆಗಳ ವಿವರವಿದೆ. ಹಿಂದಿನವನಿಗೆ ದಾಟಲು ಅನುಮತಿ ಕೊಡುವ ಚಾಲಕ ಬಲಗೈಯನ್ನು ಹೊರಚಾಚಿ ಹಿಂದೆ ಮುಂದೆ ಅರ್ಧವೃತ್ತಾಕಾರವಾಗಿ ಬೀಸಬೇಕು. ಆ ಸನ್ನೆಗೆ ಬೇರೆ ಅರ್ಥವಿರಲಿಲ್ಲ. ಎಸಿ ಬಂತು, ಕಿಟಕಿ ಏರಿತು, ಕೈ ಒಳಗೆ ಹೋಯಿತು. ಕೈಯ ಕೆಲಸವನ್ನು ಇಂಡಿಕೇಟರಿಗೆ ವಹಿಸಿದೆವು. ಆದರೆ ಅದಕ್ಕೆ ಆಗಲೇ ಬೇರೊಂದು ಕೆಲಸವಿತ್ತು. ಒಂದು ಸಂಜ್ಞೆಗೆ ಮೂರು ಅರ್ಥ ಅಂಟಿದ್ದು ಹೀಗೆ. ಇದನ್ನು ಸಂಸ್ಕೃತಿ ಎಂದು ಕರೆಯುವುದು ಬೇಡ. ಇದು ಅರ್ಧಕ್ಕೆ ನಿಂತ ಅನುವಾದ.

ನಮ್ಮ ಎದುರಾಳಿಗಳ ಬಲವಾದ ವಾದವೊಂದಿದೆ, ಅದನ್ನು ಮರೆಮಾಚುವುದಿಲ್ಲ. ‘ನಮ್ಮ ರಸ್ತೆಯಲ್ಲಿ ದನ, ಕೈಗಾಡಿ, ಮೆರವಣಿಗೆ, ಎದುರು ದಿಕ್ಕಿನ ಸ್ಕೂಟರು ಎಲ್ಲವೂ ಇವೆ. ಇಲ್ಲಿ ಪುಸ್ತಕ ಹಿಡಿದು ಕುಳಿತರೆ ಗಾಡಿ ಮುಂದೆ ಹೋಗದು. ನಾವು ಕಣ್ಣಿನಿಂದ, ಹಾರ್ನಿನಿಂದ, ಅಂದಾಜಿನಿಂದ ನಿಭಾಯಿಸುತ್ತೇವೆ. ಅದೇ ನಮ್ಮ ನಿಪುಣತೆ.’ ಇದರಲ್ಲಿ ಹುರುಳಿಲ್ಲದೆ ಇಲ್ಲ. ಗಂಟೆಗೆ 15 ಕಿಲೋಮೀಟರ್ ವೇಗದ ಚಿಕ್ಕಪೇಟೆಯಲ್ಲೋ ದಾದರಿನಲ್ಲೋ ಈ ಕಣ್ಸನ್ನೆಯ ವ್ಯವಹಾರ ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ಎದುರಿನವನ ಮುಖ ಕಾಣುತ್ತದೆ. ಕೈಯೆತ್ತಿ ಕೇಳಬಹುದು, ಬೈಯಬಹುದು, ನಗಬಹುದು. ಅಂದರೆ ಅಲ್ಲಿ ರಸ್ತೆ ಇನ್ನೂ ಮಾತಿನ ಲೋಕದಲ್ಲೇ ಇದೆ. ಆದರೆ ಆರು ಪಥದ ಹೆದ್ದಾರಿಯಲ್ಲಿ, ರಾತ್ರಿ, ಕಣ್ಣು ಕುಕ್ಕುವ ಬೆಳಕಿನ ಹಿಂದೆ ಯಾರ ಮುಖವೂ ಕಾಣದು. ಪೇಟೆಯ ನಿಪುಣತೆಯನ್ನೇ ಹೆದ್ದಾರಿಗೆ ಒಯ್ದದ್ದು ನಮ್ಮ ದುರಂತ.

ಲೆಕ್ಕ ನೋಡೋಣ. ಕೇಂದ್ರ ಸರ್ಕಾರವೇ ಪ್ರಕಟಿಸಿದ ಅಂಕಿಗಳಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳಾದವು. 1,68,491 ಜನ ಸತ್ತರು. ದಿನಕ್ಕೆ ಸುಮಾರು 460 ಮಂದಿ. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳವರು, ನೂರಕ್ಕೆ 19ಕ್ಕೂ ಹೆಚ್ಚು ಜನ ಪಾದಚಾರಿಗಳು. ಇವೆಲ್ಲವೂ ತಪ್ಪಾಗಿ ಓದಿದ ದೀಪಗಳಿಂದಾದ ಸಾವುಗಳೆಂದು ನಾವು ಹೇಳುತ್ತಿಲ್ಲ. ವೇಗವಿದೆ, ಕುಡಿತವಿದೆ, ಕೆಟ್ಟ ರಸ್ತೆಯಿದೆ, ಹೆಲ್ಮೆಟ್ ಧರಿಸದ ತಲೆಯಿದೆ. ಆದರೆ ‘ನಾವು ನಿಭಾಯಿಸುತ್ತೇವೆ’ ಎಂಬ ಜಂಬಕ್ಕೆ ಈ ಅಂಕಿ ಎದುರು ನಿಂತಿದೆ. ನಿಭಾಯಿಸಿದವರು ಜಂಬ ಕೊಚ್ಚಲು ಉಳಿದಿದ್ದಾರೆ. ನಿಭಾಯಿಸಲಾಗದವರು ವಾದಕ್ಕೆ ಬರಲಾರರು. ಉಕ್ಕಿನ ಪೆಟ್ಟಿಗೆಯೊಳಗೆ ಕುಳಿತ ನಮ್ಮ ಅಂದಾಜು ತಪ್ಪಿದಾಗ ಬೆಲೆ ತೆರುವವನು ಬಹುಪಾಲು ಪೆಟ್ಟಿಗೆಯ ಹೊರಗಿರುವವನು.

ಇನ್ನು ವಿದೇಶಭಕ್ತರ ಉತ್ತರ: ‘ಅವರ ರಕ್ತದಲ್ಲೇ ಶಿಸ್ತಿದೆ, ನಮ್ಮಲ್ಲಿಲ್ಲ.’ ಇದು ಮೊದಲಿನದಕ್ಕಿಂತ ಸೋಮಾರಿ ವಾದ. ಶಿಸ್ತು ರಕ್ತದಲ್ಲಿದ್ದರೆ ಸ್ವೀಡನ್ನಿನ ಕಥೆಯನ್ನು ಏನೆನ್ನುವುದು? ಆ ದೇಶ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುತ್ತಿತ್ತು. ಸುತ್ತಲಿನ ದೇಶಗಳು ಬಲಬದಿಯವು. 1955ರಲ್ಲಿ ಜನಮತ ಕೇಳಿದಾಗ ನೂರಕ್ಕೆ ಸುಮಾರು 83 ಮಂದಿ ಬದಲಾವಣೆ ಬೇಡವೆಂದರು. ಮುಂದೆ ಸಂಸತ್ತು ಬದಲಾಯಿಸಲು ನಿರ್ಧರಿಸಿತು. ವರ್ಷಗಟ್ಟಲೆ ಜನರಿಗೆ ತಿಳಿಹೇಳಿದರು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ, ರಸ್ತೆಯಲ್ಲಿದ್ದ ವಾಹನಗಳು ನಿಂತು, ಮೆಲ್ಲಗೆ ಆಚೆ ಬದಿಗೆ ಸರಿದು, ಐದು ಗಂಟೆಗೆ ಹೊಸ ಬದಿಯಲ್ಲಿ ಹೊರಟವು. ಸಮೋವಾ ದ್ವೀಪ 2009ರಲ್ಲಿ ಬಲದಿಂದ ಎಡಕ್ಕೆ ಬಂತು. ಎಡವೂ ಪವಿತ್ರವಲ್ಲ, ಬಲವೂ ಪವಿತ್ರವಲ್ಲ. ಎಲ್ಲರೂ ಒಂದೇ ಬದಿಯನ್ನು ಒಪ್ಪುವುದು ಮುಖ್ಯ. ಫ್ರಾನ್ಸಿನಲ್ಲಿ ಬಲದಿಂದ ಬರುವವನಿಗೆ ಮೊದಲ ಹಕ್ಕೆಂಬ ಹಳೆಯ ನಿಯಮದಂತೆ, ಪ್ಯಾರಿಸಿನ ವಿಜಯ ಕಮಾನಿನ ಸುತ್ತಿನಲ್ಲಿ ಇಂದಿಗೂ ವೃತ್ತದೊಳಗಿನವರು ಒಳಬರುವವರಿಗೆ ದಾರಿ ಬಿಡಬೇಕು. ಬ್ರಿಟನ್ನಿನ ವೃತ್ತಗಳಲ್ಲಿ ಒಳಬರುವವನೇ ಕಾಯಬೇಕು. ಎರಡೂ ‘ಶಿಸ್ತಿನ’ ದೇಶಗಳು, ಎರಡೂ ಪರಸ್ಪರ ವಿರುದ್ಧ. ಶಿಸ್ತೆಂದರೆ ಗುಣವಲ್ಲ, ಕಲಿಸಿದ ಒಪ್ಪಂದ.

ಹಾಗಾದರೆ ಕಲಿಸುವವರು ಯಾರು? ನಮ್ಮ ಡ್ರೈವಿಂಗ್ ಶಾಲೆಗಳಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಬಹುಪಾಲು ಪಾಠ ಕ್ಲಚ್ಚಿನದು. ದ್ವಿಚಕ್ರಕ್ಕೆ ‘ಎಂಟು ಹಾಕುವುದು’, ಕಾರಿಗೆ ರಿವರ್ಸ್ ತೆಗೆಯುವುದು. ಗಾಡಿ ಆಫ್ ಆಗದಿದ್ದರೆ ಗೆದ್ದಂತೆ. ಎದುರಿನವನ ದೀಪದ ಅರ್ಥವೇನು, ಲಾರಿಯ ಬಲ ಇಂಡಿಕೇಟರನ್ನು ಏಕೆ ನಂಬಬಾರದು, ಘಟ್ಟದ ಇಕ್ಕಟ್ಟಿನಲ್ಲಿ ಏರುವ ಗಾಡಿಗೇ ಏಕೆ ದಾರಿ ಬಿಡಬೇಕು ಎಂಬುದನ್ನು ವಿವರಿಸಿ ಹೇಳುವ ಗುರು ಸಿಕ್ಕರೆ ಅದೃಷ್ಟ. ಬ್ರಿಟನ್ನಿನಲ್ಲಿ 2002ರಿಂದ ಅಪಾಯವನ್ನು ಮುಂಚೆಯೇ ಗುರುತಿಸುವ ಶಕ್ತಿಯನ್ನು ಚಲಿಸುವ ಚಿತ್ರ ತೋರಿಸಿ ಪರೀಕ್ಷಿಸುತ್ತಾರೆ. ನಾವು ಕೈಕಾಲನ್ನು ಪರೀಕ್ಷಿಸಿ ತಲೆಯನ್ನು ಮನೆಗೆ ಕಳುಹಿಸುತ್ತೇವೆ. ಗೇರಿನ ಗರ್ವದ ನಿಜವಾದ ಅಪರಾಧ ಇದು. ಕಲಿಯಬೇಕಾದ್ದನ್ನೆಲ್ಲ ಕಲಿತಾಯಿತು ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ.

2017ರಲ್ಲಿ ಕೇಂದ್ರ ಸರ್ಕಾರ 1989ರ ನಿಯಮಗಳ ಬದಲಿಗೆ ಹೊಸ ಚಾಲನಾ ನಿಯಮಾವಳಿಯನ್ನು ತಂದಿತು. ನಮ್ಮಲ್ಲಿ ಎಷ್ಟು ಜನ ಅದನ್ನು ಓದಿದ್ದೇವೆ? ಒಂದು ಒತ್ತಕ್ಷರ ತಪ್ಪಿದ್ದಕ್ಕೆ ತಿಂಗಳುಗಟ್ಟಲೆ ವಾದ ನಡೆಸುವ ಕೂಟಗಳು ನಮ್ಮವು. ಹಳಗನ್ನಡದ ಒಂದು ಪದಕ್ಕೆ ನಾಲ್ಕು ನಿಘಂಟು ತೆರೆಯುವವರು ನಾವು. ಮನೆಯ ಮಕ್ಕಳ ಕೈಗೆ ಕಾರಿನ ಕೀಲಿ ಕೊಡುವಾಗ ಮಾತ್ರ, ದೀಪದ ಒಂದು ಮಿಣುಕಿಗೆ ಅರ್ಥವೇನೆಂದು ಹೇಳಿಕೊಡುವುದಿಲ್ಲ. ಅರ್ಥದ ಬಗೆಗೆ ಕಾಳಜಿಯುಳ್ಳವರೆಂದು ಹೇಳಿಕೊಳ್ಳುವವರಿಗೆ ಇದು ಶೋಭೆಯಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಡಿಕ್ಕಿಯನ್ನು ಡಿಕ್ಕಿ ಎಂದೇ ಕರೆಯೋಣ, ಸ್ಟೆಪ್ನಿಯನ್ನು ಬಿಡುವುದು ಬೇಡ, ಶಬ್ದ ನೂರಿರಲಿ. ಸಂಜ್ಞೆಗೆ ಮಾತ್ರ ಒಂದೇ ಅರ್ಥವಿರಲಿ. ಇಂಡಿಕೇಟರ್ ತಿರುಗಲು, ಪಥ ಬದಲಿಸಲು ಮಾತ್ರ. ನಾಲ್ಕೂ ದೀಪಗಳ ಮಿನುಗು ನಿಂತ ಗಾಡಿಗೆ, ಅಪಾಯಕ್ಕೆ ಮಾತ್ರ. ಹೆಡ್‌ಲೈಟಿನ ಮಿಣುಕು ‘ನಾನಿಲ್ಲಿದ್ದೇನೆ’ ಎನ್ನಲು ಮಾತ್ರ. ‘ಬಾ’ ಎಂದಾಗಲಿ ‘ಬರಬೇಡ’ ಎಂದಾಗಲಿ ಅದನ್ನು ಬಳಸುವುದೂ ಬೇಡ, ಓದುವುದೂ ಬೇಡ. ಲೈಸೆನ್ಸ್ ಕೊಡುವ ಕಚೇರಿಗಳು ಇದನ್ನು ಪರೀಕ್ಷೆಯಲ್ಲಿ ಕೇಳಲಿ, ಶಾಲೆಗಳು ಕ್ಲಚ್ಚಿಗೆ ಮುನ್ನ ಇದನ್ನು ಕಲಿಸಲಿ. ಅವರು ಕಲಿಸುವವರೆಗೆ ನಮ್ಮ ಮನೆಗಳಲ್ಲಿ ನಾವು ಕಲಿಸೋಣ. ಬೇರೆ ದೇಶಕ್ಕೆ ಹೋಗುವ ಮಗನಿಗೋ ಮಗಳಿಗೋ ಉಪ್ಪಿನಕಾಯಿಯ ಭರಣಿಯ ಜೊತೆ ಈ ಒಂದು ಮಾತನ್ನೂ ಕಟ್ಟಿಕೊಡೋಣ: ಅಲ್ಲಿಯ ರಸ್ತೆಗೆ ಅಲ್ಲಿಯದೇ ಭಾಷೆಯಿದೆ, ಮೊದಲು ಅದನ್ನು ಕಲಿ, ಆಮೇಲೆ ಕೀಲಿ ಹಿಡಿ. ಗೇರು ಬಂದೀತು, ಬಾರದಿದ್ದರೂ ನಡೆದೀತು.